ಆ ಒಂದು ಗಂಟೆಯ ದಂಡ ನ್ಯಾಯವೇ

2017ರ ಡಿಸೆಂಬರ್ 26. ಸಿಡ್ನಿಯಿಂದ ಹೋಬರ್ಟ್‌ವರೆಗಿನ 628 ನಾಟಿಕಲ್ ಮೈಲಿನ ಹಾಯಿದೋಣಿ ಪಂದ್ಯ ಆಗಷ್ಟೇ ಶುರುವಾಗಿತ್ತು. ಬಂದರು ದಾಟುವ ಮುನ್ನವೇ ವೈಲ್ಡ್ ಓಟ್ಸ್ ಇಲೆವೆನ್ ದೋಣಿ ಕೊಮಾಂಚಿಯ ಮುಂದೆ ತೀರಾ ಹತ್ತಿರದಲ್ಲಿ ಹೊರಳಿತು. ಕೊಮಾಂಚಿ ಪಕ್ಕಕ್ಕೆ ತಿರುಗಿ ಡಿಕ್ಕಿ ತಪ್ಪಿಸಿತು, ಪ್ರತಿಭಟನೆಯ ಬಾವುಟ ಏರಿಸಿತು.

ಹೋಬರ್ಟ್ ಮೊದಲು ಮುಟ್ಟಿದ್ದು ವೈಲ್ಡ್ ಓಟ್ಸ್, ಸುಮಾರು 26 ನಿಮಿಷ ಮುಂಚೆ. ತೀರ್ಪುಗಾರರು ಒಂದು ಗಂಟೆ ದಂಡ ಹಾಕಿದರು. ಮೊದಲಿಗನ ಗೌರವವೂ 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡಿನ ದಾಖಲೆಯೂ ಕೊಮಾಂಚಿಯ ಪಾಲಾದವು. ಡಿಕ್ಕಿಯೇ ಆಗಲಿಲ್ಲ, ನೀರಿನ ಮೇಲೆ ಗೆದ್ದದ್ದನ್ನು ಕೋಣೆಯೊಳಗೆ ಕಸಿಯುವುದು ಯಾವ ನ್ಯಾಯ ಎಂದು ಕೇಳಬಹುದು. ಆ ವಾದ ಒಪ್ಪತಕ್ಕದ್ದಲ್ಲ.

ಗಾಳಿಗೆ ಎದುರಾಗಿ ಹಾಯಿದೋಣಿ ನೇರ ಸಾಗಲಾರದು. ಓರೆಯಾಗಿ ಒಂದಷ್ಟು ದೂರ ಹೋಗಿ, ಮೂತಿಯನ್ನು ಗಾಳಿಯ ಆಚೆಗೆ ತಿರುಗಿಸಿ, ಇನ್ನೊಂದು ಓರೆಗೆ ಹೊರಳುತ್ತದೆ, ಅದೇ ಟ್ಯಾಕ್. ಎಡಬದಿಯಿಂದ ಗಾಳಿ ಪಡೆದ ದೋಣಿ ಬಲಬದಿಯಿಂದ ಪಡೆದದ್ದಕ್ಕೆ ದಾರಿ ಬಿಡಬೇಕು. ಇದು ಹೊಸಬರಿಗೂ ಗೊತ್ತು. ತಕರಾರು ಹುಟ್ಟುವುದು ಹೊರಳುವ ಆ ಕೆಲವೇ ಕ್ಷಣಗಳಲ್ಲಿ. ಮೂತಿ ಗಾಳಿಯನ್ನು ದಾಟಿದಾಗಿನಿಂದ ಹೊಸ ಓರೆಗೆ ಬರುವವರೆಗೂ ಟ್ಯಾಕ್ ಮಾಡುವ ದೋಣಿಯೇ ಉಳಿದವರಿಂದ ದೂರವಿರಬೇಕು. ಹೊರಳಿ ಹಕ್ಕು ಪಡೆದ ಮೇಲೂ ಎದುರಾಳಿಗೆ ಸರಿಯಲು ಮೊದಲು ಜಾಗ ಕೊಡಬೇಕು. ನೂರಡಿ ದೋಣಿಗೆ ಬ್ರೇಕ್ ಇಲ್ಲ. ಡಿಕ್ಕಿಯಾದರಷ್ಟೇ ತಪ್ಪು ಎಂದಾದರೆ, ಎಚ್ಚರದಿಂದ ಪಕ್ಕಕ್ಕೆ ಸರಿದವರೇ ನಷ್ಟ ಅನುಭವಿಸಬೇಕಾಗುತ್ತದೆ.

ತಪ್ಪಾಯಿತೆಂದು ಕಂಡರೆ ನೀರಿನಲ್ಲೇ ಎರಡು ಪೂರ್ಣ ಸುತ್ತು ತಿರುಗಿ ದಂಡ ತೀರಿಸಬಹುದು. ವೈಲ್ಡ್ ಓಟ್ಸ್ ಅದನ್ನು ಮಾಡಲಿಲ್ಲ.

ದೂರನ್ನು ಕೇಳದೇ ಬಿಟ್ಟರೆ ಏನಾಗುತ್ತದೆ? 1934ರ ಅಮೆರಿಕಾಸ್ ಕಪ್ ನೋಡಬೇಕು. ನಾಲ್ಕನೇ ಪಂದ್ಯದಲ್ಲಿ ಬ್ರಿಟನ್ನಿನ ಎಂಡೆವರ್ ದೋಣಿಯ ಸಾಪ್‌ವಿತ್, ಅಮೆರಿಕದ ರೇನ್‌ಬೋ ದಾರಿ ಬಿಡಲಿಲ್ಲವೆಂದು ದೂರಿದರು. ಬಾವುಟ ತಕ್ಷಣ ಏರಿಸಲಿಲ್ಲ ಎಂಬ ಕಾರಣಕ್ಕೆ ಸಮಿತಿ ವಿಚಾರಣೆಯನ್ನೇ ನಡೆಸಲಿಲ್ಲ. ರೇನ್‌ಬೋ 4–2ರಿಂದ ಕಪ್ ಉಳಿಸಿಕೊಂಡಿತು; ಕಹಿಯೂ ಉಳಿಯಿತು. ಗಮನಿಸಬೇಕಾದ ಸಂಗತಿಯೆಂದರೆ, ರೇನ್‌ಬೋ ನಡೆಸಿದ ಹೆರಾಲ್ಡ್ ವಾಂಡರ್‌ಬಿಲ್ಟ್ ಅವರೇ ಮುಂದೆ ದಾರಿಹಕ್ಕಿನ ನಿಯಮಗಳನ್ನು ಹೊಸದಾಗಿ ಬರೆದರು. ಇಂದಿನ ನಿಯಮಗಳ ಬುಡ ಅಲ್ಲಿದೆ.

ಮಕ್ಕಳಿಗೆ ಹಾಯಿದೋಣಿ ಕಲಿಸುವ ಕ್ಲಬ್ಬುಗಳು ಟ್ಯಾಕ್ ಜೊತೆಗೇ ದಂಡದ ಆ ಎರಡು ಸುತ್ತನ್ನೂ ಮೊದಲ ವಾರದಿಂದಲೇ ಅಭ್ಯಾಸ ಮಾಡಿಸಲಿ.