ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆಸುತ್ತೀರಿ?

ಹಂಪಿಯ ಪ್ರವಾಸಿ ಹಂಗಾಮು, ಕಂಪ್ಲಿ ಕಡೆಯ ಭತ್ತದ ಕೊಯ್ಲು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಆಗ ದರೋಜಿ, ಕಮಲಾಪುರ, ಹೊಸಪೇಟೆ ಸುತ್ತಿನ ರಸ್ತೆಗಳಲ್ಲಿ ಕರಡಿಧಾಮಕ್ಕೆ ಹೊರಟ ಬಾಡಿಗೆ ಕಾರು, ಕೂಲಿಯವರನ್ನು ತುಂಬಿಕೊಂಡ ಟಂಟಂ, ಸಂಡೂರಿನ ಅದಿರು ಲಾರಿ ಎಲ್ಲವೂ ಒಂದರ ಬೆನ್ನಿಗೊಂದು ಓಡುತ್ತವೆ. 2023ರ ಜೂನ್ 30ರಂದು ಹೊಸಪೇಟೆ ಬಳಿಯ ವಡ್ಡರಹಳ್ಳಿಯಲ್ಲಿ ಆಟೊಗಳಿಗೆ ಲಾರಿ ಬಡಿಯಿತು. ಅದೇ ವರ್ಷದ ಅಕ್ಟೋಬರ್ 9ರಂದು ಕುಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮುಗಿಸಿ ಬರುತ್ತಿದ್ದ ಕ್ರೂಸರ್ ಟಿಪ್ಪರ್‌ಗೆ ಸಿಕ್ಕಿತು. ಎರಡರಲ್ಲೂ ಮನೆಮಂದಿಯೇ ಹೋದರು.

ಅಂಥ ದೊಡ್ಡ ದುರಂತಗಳಿಗೆ ಪೊಲೀಸರು, ಮಂತ್ರಿಗಳು ಬರುತ್ತಾರೆ, ಕಾಗದವೂ ತಯಾರಾಗುತ್ತದೆ. ನಮ್ಮ ಆತಂಕ ಇರುವುದು ಸುದ್ದಿಯಾಗದ ಅಪಘಾತಗಳ ಬಗ್ಗೆ. ಟಂಟಂ ಮಗುಚಿ ಕಾಲು ಮುರಿದ ಹೆಂಗಸಿನ ಪರಿಹಾರ ಕೋರ್ಟಿಗೆ ಹೋಗುವ ಮೊದಲೇ ರಸ್ತೆ ಬದಿಯಲ್ಲಿ ಮುಗಿದುಹೋಗುತ್ತದೆ. ಚಾಲಕ ಅದೇ ಊರಿನವನು. “ಕೇಸು ಬ್ಯಾಡಕ್ಕ, ಖರ್ಚೆಲ್ಲ ನಾನೇ ನೋಡ್ಕೋತೀನಿ” ಎಂದಾಗ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ “ಬಿದ್ದು ಪೆಟ್ಟಾಗಿದೆ” ಎಂದು ಬರೆಸುತ್ತಾರೆ. ನಾಲ್ಕು ತಿಂಗಳ ಮೇಲೆ, ಕಾಲಿನಲ್ಲಿ ರಾಡ್ ಇದ್ದು ಕೂಲಿಗೆ ಹೋಗಲಾಗದೆ ವಕೀಲರ ಬಳಿ ಬಂದರೆ, ವಿಮಾ ಕಂಪನಿಯ ಕಡೆಯವರು ಮೊದಲು ಓದುವುದು ಆ ಒಂದು ಸಾಲನ್ನೇ.

ಆದ್ದರಿಂದ ಹೊಸಪೇಟೆಯ ಆಸ್ಪತ್ರೆಯಾಗಲಿ, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಹಿಂದಿನ ವಿಮ್ಸ್) ಆಗಲಿ, ಮೊದಲ ಚೀಟಿಯಲ್ಲೇ ಗಾಡಿಯ ನಂಬರ್, ಜಾಗ, ಹೊತ್ತು ಬರೆಸಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಮಾಡಿಸಿ. ಚಾಲಕನಿಗೂ ತಿಳಿಸಿ ಹೇಳಿ: ದಾಖಲೆ ಸರಿಯಿದ್ದರೆ ಪರಿಹಾರ ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ, ಅವನ ಜೇಬಲ್ಲ. ಗಾಡಿ ಎತ್ತುವ ಮುಂಚೆ ಯಾರಾದರೂ ಮೊಬೈಲಿನಲ್ಲಿ ನಂಬರ್ ಪ್ಲೇಟು, ಟೈರಿನ ಗುರುತು, ಎದುರಿನ ಗಾಡಿಯ ಫೋಟೊ ತೆಗೆದಿರಲಿ. ಆ್ಯಪ್‌ನಲ್ಲಿ ಕರೆಸಿದ ಕಾರಾದರೆ ಟ್ರಿಪ್ ವಿವರ ಅಳಿಸಬೇಡಿ. ಜೊತೆಯಲ್ಲಿ ಕೂತಿದ್ದವರ ಹೆಸರು, ಫೋನು ಅಂದೇ ಬರೆದಿಟ್ಟುಕೊಳ್ಳಿ. ಕೊಯ್ಲು ಮುಗಿದರೆ ಅವರು ಯಾವ ಊರಿಗೆ ಹೋದರೋ ಸಿಗುವುದಿಲ್ಲ. ಪೆಟ್ರೋಲ್ ಬಂಕು, ಡಾಬಾಗಳ ಸಿಸಿಟಿವಿ ದೃಶ್ಯದ ಮೇಲೆ ಹೊಸ ದೃಶ್ಯ ಕೂರುವ ಮೊದಲೇ ಅದನ್ನು ತೆಗೆಸಿಕೊಳ್ಳುವಂತೆ ಠಾಣೆಗೆ ಬರೆದುಕೊಡಿ. ದಿನಗೂಲಿಯ ಲೆಕ್ಕವಿರುವ ಮೇಸ್ತ್ರಿಯ ಪುಸ್ತಕ, ಉದ್ಯೋಗ ಖಾತ್ರಿ ಕಾರ್ಡು ದುಡಿಮೆಗೆ ಸಾಕ್ಷಿಯಾಗುತ್ತವೆ. ಒಂದು ಮಾತ್ರ ಮಾಡಬೇಡಿ: ವಿಮೆ ಇದೆಯೆಂದು ಬೇರೆ ಗಾಡಿಯ, ಬೇರೆ ಚಾಲಕನ ಹೆಸರು ಬರೆಸುವುದು. ಅದು ಬಯಲಾದ ದಿನ ನಿಜವಾದ ಗಾಯವೂ ಸುಳ್ಳೆನಿಸುತ್ತದೆ.

ಇನ್ನೂ ಕಹಿಯಾದ ವಿಷಯವಿದೆ. ಹಿಮಾಚಲದಲ್ಲಿ 42 ಜನರ ಬಸ್ಸಿನಲ್ಲಿ 90 ಜನರಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ವಿಮಾ ಕಂಪನಿಯ ಹೊಣೆಯನ್ನು 42 ಜನರಿಗೆ ನಿಲ್ಲಿಸಿ, ಆ ಹಣವನ್ನೇ ಎಲ್ಲರಿಗೂ ಹಂಚಲು ಹೇಳಿತು. ಮೂರು ಸೀಟಿನ ಆಟೊದಲ್ಲಿ ಹತ್ತು ಜನ ಕೂತರೆ ಏನಾಗುತ್ತದೆಂದು ಯೋಚಿಸಿ. ಸರಕಿನ ಗಾಡಿಗೆ ಬರೀ ಪ್ರಯಾಣಿಕರಾಗಿ ಹತ್ತಿದವರಿಗಂತೂ ವಿಮೆಯ ರಕ್ಷಣೆ ಇಲ್ಲವೆಂದು 2003ರಲ್ಲೇ ಅದೇ ಕೋರ್ಟ್ ಹೇಳಿದೆ.

2022ರ ಏಪ್ರಿಲ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿವೆ, ಆದರೆ ಅದನ್ನು ನಂಬಿ ಕೂರಬೇಡಿ. ದರೋಜಿ ಬಳ್ಳಾರಿ ಜಿಲ್ಲೆಗೆ, ಹಂಪಿ ವಿಜಯನಗರಕ್ಕೆ ಸೇರಿದ್ದರಿಂದ ಪರಿಹಾರದ ಅರ್ಜಿ ಎಲ್ಲಿ ಹಾಕಬೇಕೆಂಬ ಗೊಂದಲವೂ ಬೇಡ: ಅಪಘಾತ ನಡೆದಲ್ಲಿ ಅಥವಾ ನೀವು ವಾಸವಿರುವಲ್ಲಿ ಹಾಕಬಹುದು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ.

ಪೊಲೀಸರಿಗೂ ಕರ್ತವ್ಯವಿದೆ. 2022ರ ಮೋಟಾರು ವಾಹನ ನಿಯಮಗಳಂತೆ ಅವರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು, ಗಾಯಾಳುವಿಗೆ ಅವರ ಹಕ್ಕುಗಳ ವಿವರವನ್ನು ಕೊಡಬೇಕು. ಎರಡೂ ಜಿಲ್ಲೆಗಳ ಎಸ್‌ಪಿಗಳು ಈ ಹಂಗಾಮು ಶುರುವಾಗುವ ಮುನ್ನವೇ ಆ ವಿವರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕಂಪ್ಲಿ, ಸಂಡೂರು, ಕಮಲಾಪುರದ ಠಾಣೆಗಳಲ್ಲೂ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲೂ ಇಡಿಸಬೇಕು.