ಆರುವ ತನಕದ ಆತಂಕ

ಅಮೆರಿಕದ ಕೇಂದ್ರ ಸರಕಾರವು ಮನೆಬಳಕೆಯ ಬೀರ್ ತಯಾರಿಕೆಗೆ 1978ರ ಶಾಸನದಿಂದ ಸಮ್ಮತಿಯಿತ್ತಿತು. ಅಲ್ಲಿನ ಗೃಹಸ್ಥರು ಮೊಳೆತ ಬಾರ್ಲಿಯ ಸಿಹಿರಸವನ್ನು ಹಾಪ್ ಹೂವಿನೊಡನೆ ಸುಮಾರು ಒಂದು ಗಂಟೆ ಕುದಿಸುವರು. ಕುದಿರಸಕ್ಕೆ ಯೀಸ್ಟ್ ಬೆರೆಸಿದರೆ ಅದು ಸಾಯುವುದು. ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ತಾನಾಗಿ ಆರಲು ಬಿಟ್ಟರೆ ರಾತ್ರಿಯೇ ಕಳೆದೀತು. ಅಷ್ಟರಲ್ಲಿ ಗಾಳಿಯ ಸೂಕ್ಷ್ಮಜೀವಿಗಳು ಸೇರಿ ರಸವು ಹುಳಿತರೆ, ದಿನದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ! ಆದುದರಿಂದ ತಾಮ್ರದ ಸುರುಳಿಕೊಳವೆಯನ್ನು ರಸದಲ್ಲಿ ಮುಳುಗಿಸಿ, ಕೊಳವೆಯೊಳಗೆ ತಣ್ಣೀರು ಹರಿಸುವರು. 20 ಲೀಟರ್ ರಸ ಸುಮಾರು ಅರ್ಧ ಗಂಟೆಯಲ್ಲಿ ಆರುವುದು.

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ಬೀರ್ ತಯಾರಕರ ಕ್ರಮವೇ ಬೇರೆ. ಅವರು ಚಳಿಗಾಲದ ರಾತ್ರಿ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ಬಿಟ್ಟು, ಉಳಿದವರು ಅಂಜುವ ಆ ಜೀವಿಗಳನ್ನೇ ಬರಮಾಡಿಕೊಳ್ಳುವರು.