‘ಮೊದ್ಲಿನಂಗ ಆದಿ ಏನು?’ (ಭಾಗ 4)

ಆಪರೇಷನ್ ಆಗಿ, ಒಂದು ವರ್ಷ ಬಿಟ್ಟು ಕ್ಲಾಸಿಗೆ ಬಂದೇನಿ. ಎಲ್ಲಾರದೂ ಒಂದ ಪ್ರಶ್ನೆ: “ಮೊದ್ಲಿನಂಗ ಆದಿ ಏನು?” ಇಲ್ಲ ದೋಸ್ತ, ಆಗಿಲ್ಲ. ಯಾಕ ಆಗಬೇಕು?

ಗಂಗೂಬಾಯಿ ಹಾನಗಲ್ ಅವರ ಹಳೇ ರೆಕಾರ್ಡ್ ಕೇಳ್ರಿ. ಸಣ್ಣ ಹೆಣ್ಣುದನಿ. ಗಂಟಲಿನ ಚಿಕಿತ್ಸೆ ಆದಮ್ಯಾಲೆ ಆ ದನಿ ಹೋತು, ಗಂಡಸರಂಥ ಗಡಸು ದನಿ ಬಂತು. ಅವರು ಹಾಡೋದು ಬಿಡಲಿಲ್ಲ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹತ್ರ ಕಲಿತ ವಿದ್ಯೆಯನ್ನ ಆ ದನಿಯಾಗೇ ಹಾಡಿದ್ರು. 2002ರಾಗ ಪದ್ಮವಿಭೂಷಣ ಬಂತು.

ಜಡ್ಡಿನಿಂದ ಎದ್ದವರಿಗೆ ‘ಮೊದ್ಲಿನಂಗ ಆಗು’ ಅನ್ನೋದು ಹಾರೈಕೆ ಅಲ್ಲ, ಒತ್ತಾಯ. ಮಳಿಗೆ ಬಿದ್ದ ಮನಿ ತಿರುಗಿ ಕಟ್ಟುವಾಗ ಬಾಗಿಲ ಬ್ಯಾರೆ ಕಡೆ ಇಟ್ಟರ ಯಾರೂ ತಕರಾರು ಮಾಡಂಗಿಲ್ಲ. ನನ್ನ ಮ್ಯಾಲೆ ಯಾಕ?

ನಾಳೆ ಸಿಕ್ಕಾಗ “ಈಗ ಏನ್ ಮಾಡಾಕತ್ತಿ?” ಅಂತ ಕೇಳ್ರಿ. ಹೇಳತೇನಿ.